ಕಾರಿಗಿಂತ ಮೊದಲು ಮುಪ್ಪಾಗುವ ರಬ್ಬರು

ನಮ್ಮ ಮನೆಯ ಮಾರುತಿ 800 ಕಾರು 2003ರದ್ದು. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ ನೋಂದಣಿ ನವೀಕರಿಸಿದೆವು. ಐದು ವರ್ಷ ಕಳೆದ ಮೇಲೆ ಮತ್ತೊಮ್ಮೆ ನವೀಕರಿಸಿದೆವು. ಆ ಎರಡನೆಯ ನವೀಕರಣ ಮುಗಿದ ಮಳೆಗಾಲದಲ್ಲೇ ಅದಕ್ಕೆ ನಡುಕ ಶುರುವಾಯಿತು. ಸಿಗ್ನಲ್ಲಿನಲ್ಲಿ ನಿಂತರೆ ಸ್ಟಿಯರಿಂಗ್ ಹಿಡಿದ ಕೈ ಜುಮುಗುಡುತ್ತಿತ್ತು. ಒಂದನೇ ಗೇರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಎರಡು ಸಲ ಜಗ್ಗಿ ಹೊರಡುತ್ತಿತ್ತು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಕೆಳಗಿನಿಂದ ಯಾರೋ ಒದ್ದಂತೆ ‘ಢಬ್’ ಎಂಬ ಸದ್ದು.

ನಗರದ ಒಂದು ಗ್ಯಾರೇಜಿಗೆ ಒಯ್ದೆ. ಮೊದಲು ಪ್ಲಗ್ ಬದಲಾಯಿಸಿದರು, ಥ್ರಾಟಲ್ ಬಾಡಿ ಶುಚಿಮಾಡಿದರು. ನಡುಕ ಹೋಗಲಿಲ್ಲ. ಕ್ಲಚ್ ಹೋಗಿದೆ ಎಂದು ಕ್ಲಚ್ ಪ್ಲೇಟ್ ಬದಲಾಯಿಸಿದರು. ಆಗಲೂ ಹೋಗಲಿಲ್ಲ. ಕೊನೆಗೆ, ‘ಗಾಡಿಗೆ ವಯಸ್ಸಾಯ್ತು ಸಾರ್, ಮಾರಿಬಿಡಿ’ ಎಂದರು. ಅದೇ ತಿಂಗಳು ಊರಿಗೆ ಹೋದಾಗ ಸುಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಬದಿಗೆ ನಿಂತು, ನನ್ನಿಂದ ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕ್ ಒತ್ತಿಸಿ, ಒಂದನೇ ಗೇರಿಗೆ ಹಾಕಿ ಕ್ಲಚ್ ಕಚ್ಚುವವರೆಗೆ ಮಾತ್ರ ಬಿಡಲು ಹೇಳಿದರು. ಆಮೇಲೆ ರಿವರ್ಸಿನಲ್ಲೂ ಹಾಗೆಯೇ. ಎರಡೇ ನಿಮಿಷ. ‘ಎಂಜಿನ್ನಿಗೆ ಎಂಥದ್ದೂ ಆಗಿಲ್ಲ ಮಾರಾಯ್ರೇ. ಮೌಂಟಿಂಗಿನ ರಬ್ಬರು ಹೋಗಿದೆ, ಅಷ್ಟೇ’ ಎಂದರು.

ಅವರು ಬಿಚ್ಚಿ ತೆಗೆದ ಗೇರ್‌ಬಾಕ್ಸ್ ಬದಿಯ ಮೌಂಟಿಂಗ್ ಈಗಲೂ ನನ್ನ ಮೇಜಿನ ಮೇಲಿದೆ. ಅಂಗೈಯಗಲದ ಕಬ್ಬಿಣ, ನಡುವೆ ಕಪ್ಪು ರಬ್ಬರು, ಆ ರಬ್ಬರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಸೀಳಿದೆ. ಕ್ಲಚ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಗೇರ್‌ಬಾಕ್ಸ್ ಇಳಿಸಬೇಕಾದರೆ ಈ ಮೌಂಟಿಂಗನ್ನು ಕಳಚಲೇಬೇಕು. ಅಂದರೆ ನಗರದ ಗ್ಯಾರೇಜಿನಲ್ಲಿ ಈ ಸೀಳಿದ ರಬ್ಬರು ಒಬ್ಬರ ಕೈಗೆ ಬಂದಿತ್ತು. ಅವರು ಅದನ್ನು ನೋಡದೆ ಮರಳಿ ಅದೇ ಜಾಗಕ್ಕೆ ಬಿಗಿದಿದ್ದರು. ಕೆಲವು ನೂರು ರೂಪಾಯಿಯ ರಬ್ಬರು ಕಾಣದೆ ಸಾವಿರಾರು ರೂಪಾಯಿ ಖರ್ಚಾಯಿತು, ಚೆನ್ನಾಗಿದ್ದ ಕಾರು ಗುಜರಿಗೆ ಹೋಗುವುದರಲ್ಲಿತ್ತು. ಹಳೆಯ ಕಾರು ಇಟ್ಟುಕೊಂಡಿರುವ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ಈ ರಬ್ಬರಿನ ಕೆಲಸವೇನು, ಅದು ಹೇಗೆ ಸಾಯುತ್ತದೆ, ಬದಲಿಸುವಾಗ ಏನನ್ನು ನೋಡಬೇಕು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಎಂಜಿನ್ನು ಕೂತಿರುವುದು ಯಾವುದರ ಮೇಲೆ?

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಜೋಡಿಸಿ ಕಾರಿನ ಮುಂಭಾಗದಲ್ಲಿ ಇಟ್ಟಿರುತ್ತಾರೆ. ಆ ಇಡೀ ಗಂಟು ಕಾರಿನ ದೇಹಕ್ಕೆ ತಾಗುವುದು ಮೂರೋ ನಾಲ್ಕೋ ಕಡೆ ಮಾತ್ರ. ಆ ಪ್ರತಿಯೊಂದು ಕಡೆಯೂ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಒಂದು ರಬ್ಬರು. ಇದೇ ಮೌಂಟಿಂಗ್. ಲಾರಿ, ಅಂಬಾಸಿಡರ್ ಕಾಲದ ಕೆಲವು ಮೆಕ್ಯಾನಿಕ್‌ಗಳು ಇದನ್ನು ಫೌಂಡೇಶನ್ ಎಂದೂ ಕರೆಯುತ್ತಾರೆ. ಹೆಸರು ಸರಿಯಾಗಿಯೇ ಇದೆ, ಎಂಜಿನ್ನಿಗೆ ಅದೇ ತಳಪಾಯ.

ಮೊದಮೊದಲ ಕಾರುಗಳಲ್ಲಿ ಎಂಜಿನ್ನನ್ನು ನೇರವಾಗಿ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಎಂಜಿನ್ನಿನ ಪ್ರತಿ ಹೊಡೆತವೂ ಕೂತವರ ಬೆನ್ನಿಗೆ ಬರುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಏರ್ಪಾಡು ತಂದಿತು. ಎಂಜಿನ್ನನ್ನು ಮುಂದೆ ಎತ್ತರದಲ್ಲಿ ಒಂದು ಕಡೆ, ಹಿಂದೆ ತಗ್ಗಿನಲ್ಲಿ ಒಂದು ಕಡೆ ರಬ್ಬರಿನ ಮೇಲೆ ಕೂರಿಸಿ, ಆ ಎರಡು ಬಿಂದುಗಳನ್ನು ಸೇರಿಸುವ ಗೆರೆ ಎಂಜಿನ್ನಿನ ತೂಕದ ಕೇಂದ್ರದ ಮೂಲಕ ಹಾಯುವಂತೆ ಮಾಡಿದರು. ತೊಟ್ಟಿಲಿನಂತೆ ಎಂಜಿನ್ನು ತನ್ನಷ್ಟಕ್ಕೆ ತಾನು ತೂಗಿಕೊಳ್ಳುತ್ತಿತ್ತು, ಕಾರು ಸುಮ್ಮನಿರುತ್ತಿತ್ತು. ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಅದರ ಹಕ್ಕು ಪಡೆದು ತನ್ನ ಕಾರುಗಳಲ್ಲಿ ಬಳಸಿತು, ನೀರಿನ ಮೇಲೆ ತೇಲುವ ಹಂಸವನ್ನು ಅದರ ಗುರುತಾಗಿ ಇಟ್ಟುಕೊಂಡಿತು. ಇಂದು ನಮ್ಮ ರಸ್ತೆಯಲ್ಲಿ ಓಡುವ ಪ್ರತಿ ಕಾರಿನ ಬಾನೆಟ್ಟಿನ ಕೆಳಗೂ ಇರುವುದು ಆ ಆಲೋಚನೆಯೇ.

ಎರಡು ಕೆಲಸ, ಒಂದೇ ರಬ್ಬರು

ಮೌಂಟಿಂಗ್ ಎರಡು ಕೆಲಸ ಮಾಡಬೇಕು, ಆ ಎರಡೂ ಒಂದಕ್ಕೊಂದು ವಿರುದ್ಧ. ನಡುಕ ತಡೆಯಬೇಕಾದರೆ ಅದು ಮೆದುವಾಗಿರಬೇಕು. ಎಂಜಿನ್ನು ಹೊರಳದಂತೆ ಹಿಡಿಯಬೇಕಾದರೆ ಗಟ್ಟಿಯಾಗಿರಬೇಕು.

ಮೊದಲು ನಡುಕದ ಲೆಕ್ಕ. ಮಾರುತಿ 800ರದ್ದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನು. ನಿಂತಲ್ಲಿ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಮೂರು ಸಿಲಿಂಡರ್ ಸೇರಿ ನಿಮಿಷಕ್ಕೆ 1,350 ಹೊಡೆತ, ಸೆಕೆಂಡಿಗೆ ಇಪ್ಪತ್ತೆರಡೂವರೆ. ಇದಲ್ಲದೆ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ತುದಿಗಳು ಏತದ ಹಾಗೆ ಒಂದು ಮೇಲೆ ಒಂದು ಕೆಳಗೆ ಆಡುವ ಗುಣ ಹುಟ್ಟಿನಿಂದಲೇ ಇದೆ. ಇದು ಕಾರಿನೊಳಗೆ ಕೂತವರಿಗೆ ಗೊತ್ತಾಗದಂತೆ ನುಂಗಿಕೊಳ್ಳುವುದು ರಬ್ಬರಿನ ಕೆಲಸ.

ಯಾವುದೇ ವಸ್ತುವನ್ನು ರಬ್ಬರಿನ ಮೇಲೆ ಕೂರಿಸಿದರೆ ಅದಕ್ಕೊಂದು ತನ್ನದೇ ತೂಗಾಟದ ವೇಗ ಇರುತ್ತದೆ. ಎಂಜಿನ್ನಿನ ಹೊಡೆತ ಆ ವೇಗಕ್ಕಿಂತ ಸಾಕಷ್ಟು ಮೇಲಿದ್ದರೆ ನಡುಕ ದಾಟಿ ಬರುವುದಿಲ್ಲ, ಎರಡೂ ಹತ್ತಿರ ಬಂದರೆ ನಡುಕ ಹಿಗ್ಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಆಗುವುದು ಇದೇ. ಹೊಸ ರಬ್ಬರು ಮೆದು, ಆದ್ದರಿಂದ ಅದರ ಮೇಲೆ ಕೂತ ಎಂಜಿನ್ನಿನ ತೂಗಾಟ ನಿಧಾನ. ವರ್ಷ ಕಳೆದಂತೆ ರಬ್ಬರು ಗಡುಸಾಗುತ್ತದೆ, ತೂಗಾಟದ ವೇಗ ಏರುತ್ತ ಏರುತ್ತ ಐಡಲಿಂಗಿನ ಹೊಡೆತದ ಹತ್ತಿರ ಬಂದು ನಿಲ್ಲುತ್ತದೆ. ಹಳೆಯ ಕಾರುಗಳು ಸಿಗ್ನಲ್ಲಿನಲ್ಲಿ ನಡುಗಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿದೊಡನೆ ಸುಮ್ಮನಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಹೊರಳುವ ಬಲ. ಎಂಜಿನ್ನು ಗಾಲಿಯನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಗಾಲಿ ಎಂಜಿನ್ನನ್ನು ಎದುರು ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಿಂದಿನ ಗಾಲಿ ಎಳೆಯುವ ಕಾರುಗಳಲ್ಲಿ ಈ ಎದುರೇಟಿನ ದೊಡ್ಡ ಪಾಲನ್ನು ಹಿಂದಿನ ಆಕ್ಸಲ್ಲು, ಅದರ ಕಮಾನು ಪಟ್ಟಿ ಹೊರುತ್ತಿದ್ದವು. ಎಂಜಿನ್ ಮೌಂಟಿಂಗಿಗೆ ಬರುತ್ತಿದ್ದುದು ಗೇರ್‌ಬಾಕ್ಸ್‌ವರೆಗಿನ ಪಾಲು ಮಾತ್ರ. ಮುಂದಿನ ಗಾಲಿ ಎಳೆಯುವ ಕಾರುಗಳಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ ಎಲ್ಲ ಒಂದೇ ಗಂಟು, ಅಡ್ಡಲಾಗಿ ಇಟ್ಟಿದ್ದು. ಹಾಗಾಗಿ ಗಾಲಿಯ ಇಡೀ ಎದುರೇಟನ್ನು ಮೌಂಟಿಂಗುಗಳೇ ಹೊರಬೇಕು. ನಮ್ಮ ಕಾರಿನ ಎಂಜಿನ್ನು ಕೊಡುವ ಗರಿಷ್ಠ ತಿರುಚುಬಲ ಸುಮಾರು 60 ನ್ಯೂಟನ್ ಮೀಟರ್. ಒಂದನೇ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಸಣ್ಣ ಕಾರುಗಳಲ್ಲಿ ಅದನ್ನು ಹನ್ನೆರಡರಿಂದ ಹದಿನೈದು ಪಟ್ಟು ಹೆಚ್ಚಿಸುತ್ತವೆ. ಒಂದು ಮೀಟರ್ ಉದ್ದದ ಹಾರೆಯ ತುದಿಗೆ ಎಪ್ಪತ್ತರಿಂದ ತೊಂಬತ್ತು ಕಿಲೋ ತೂಗುವ ಆಳು ಜೋತುಬಿದ್ದಂತೆ. ಇಂತಹ ಸಣ್ಣ ಕಾರಿನಲ್ಲೇ ಇಷ್ಟು. ಘಾಟಿ ಏರುವಾಗ, ಹಾಫ್ ಕ್ಲಚ್ಚಿನಲ್ಲಿ ಟ್ರಾಫಿಕ್ ದಾಟುವಾಗ, ರಿವರ್ಸಿನಿಂದ ಒಂದನೇ ಗೇರಿಗೆ ಬರುವಾಗ ಈ ಆಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಜೋತುಬೀಳುತ್ತಲೇ ಇರುತ್ತಾನೆ. ಅದಕ್ಕಾಗಿಯೇ ಇಂತಹ ಹಲವು ಕಾರುಗಳಲ್ಲಿ ಭಾರ ಹೊರುವ ಮೌಂಟಿಂಗಿನ ಜೊತೆಗೆ, ಹೊರಳಾಟ ತಡೆಯಲೆಂದೇ ಕೆಳಗಡೆ ಟಾರ್ಕ್ ರಾಡ್ ಎಂಬ ತುಂಡು ಸರಳು ಇರುತ್ತದೆ, ಅದರ ತುದಿಗಳಲ್ಲಿಯೂ ರಬ್ಬರಿನ ಬುಷ್.

ರಬ್ಬರು ಹೇಗೆ ಸಾಯುತ್ತದೆ

ನಾನು ಬೆಳೆದದ್ದು ರಬ್ಬರ್ ತೋಟಗಳ ನಡುವೆ. ಸುಳ್ಯ, ಪುತ್ತೂರಿನ ಸುತ್ತ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟಿದ್ದರು. ಬೆಳಗಿನ ಜಾವ ಮರಕ್ಕೆ ಗೀರು ಹಾಕಿ, ಗೆರಟೆಯಲ್ಲಿ ಹಾಲು ಹಿಡಿದು, ಆಸಿಡ್ ಬೆರೆಸಿ ಗಟ್ಟಿಮಾಡಿ, ಶೀಟು ತೆಗೆದು ಹೊಗೆಮನೆಯಲ್ಲಿ ಒಣಗಿಸುವುದನ್ನು ನೋಡುತ್ತ ದೊಡ್ಡವನಾದೆ. ಆ ಶೀಟನ್ನು ಹಾಗೆಯೇ ಬಳಸಿದರೆ ಸೆಕೆಗೆ ಅಂಟುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಬೆರೆಸಿ ಬೇಯಿಸಿದರೆ ಅದಕ್ಕೆ ತಾಳಿಕೆ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಲ್ಕನೀಕರಣ ಇದೇ.

ಎಷ್ಟೋ ಕೃತಕ ರಬ್ಬರುಗಳು ಬಂದರೂ ಎಂಜಿನ್ ಮೌಂಟಿಂಗಿಗೆ ಇಂದಿಗೂ ಹೆಚ್ಚಾಗಿ ಬಳಸುವುದು ಮರದ ಹಾಲಿನ ರಬ್ಬರನ್ನೇ. ಹಿಗ್ಗಿಸಿದಾಗ ಅದರ ಒಳಗಿನ ಎಳೆಗಳು ಸಾಲಾಗಿ ಜೋಡಿಸಿಕೊಂಡು ಸೀಳು ಮುಂದುವರಿಯದಂತೆ ತಡೆಯುತ್ತವೆ. ಲಕ್ಷಗಟ್ಟಲೆ ಸಲ ಹಿಗ್ಗಿ ಕುಗ್ಗಿದರೂ ದಣಿಯದ ಈ ಗುಣ ಬೇರೆ ರಬ್ಬರಿಗೆ ಸುಲಭವಾಗಿ ಬರುವುದಿಲ್ಲ. ಕಬ್ಬಿಣದ ತುಂಡನ್ನು ಶುಚಿಮಾಡಿ, ಅಂಟು ಬಳಿದು, ಅಚ್ಚಿನೊಳಗೆ ಒತ್ತಡದಲ್ಲಿ ರಬ್ಬರಿನ ಜೊತೆ ಬೇಯಿಸುತ್ತಾರೆ. ಎರಡೂ ಒಂದಾಗಿ ಹೊರಬರುತ್ತವೆ.

ಆದರೆ ಈ ರಬ್ಬರಿಗೆ ಎಣ್ಣೆಯೆಂದರೆ ಆಗದು. ಎಂಜಿನ್ ಆಯಿಲ್ ತಾಗಿದರೆ ಅದನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕಬ್ಬಿಣದಿಂದ ಬಿಟ್ಟುಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ, ಆಯಿಲ್ ಸೀಲಿನಿಂದ ಹನಿಹನಿಯಾಗಿ ಇಳಿಯುವ ಆಯಿಲ್ ಹೆಚ್ಚಾಗಿ ಬಂದು ಸೇರುವುದು ಮೌಂಟಿಂಗಿನ ಮೇಲೆಯೇ. ನಮ್ಮ ಕಾರಿನಲ್ಲಿ ಆದದ್ದೂ ಇದೇ. ಎರಡನೆಯ ಶತ್ರು ಬಿಸಿ. ಎಂಜಿನ್ನಿನ ಶಾಖದಲ್ಲಿ ವರ್ಷಗಟ್ಟಲೆ ಬೆಂದ ರಬ್ಬರು ಗಡುಸಾಗುತ್ತದೆ. ಮೂರನೆಯದು ಗಾಳಿಯಲ್ಲಿರುವ ಓಝೋನ್. ಎಳೆತದಲ್ಲಿರುವ ರಬ್ಬರಿನ ಮೈಮೇಲೆ ಅದು ಸಣ್ಣ ಗೀರುಗಳನ್ನು ಮೂಡಿಸುತ್ತದೆ, ಬಿರುಕು ಅಲ್ಲಿಂದ ಒಳಕ್ಕೆ ನಡೆಯುತ್ತದೆ. ಕೊನೆಯದು ಸದಾ ಹೊತ್ತಿರುವ ಭಾರ. ಹಗಲೂ ರಾತ್ರಿ ತೂಕ ಹೊತ್ತ ರಬ್ಬರು ಮೆಲ್ಲನೆ ಕುಸಿಯುತ್ತದೆ. ಗ್ಯಾರೇಜಿನಲ್ಲಿ ‘ಮೌಂಟಿಂಗ್ ಕೂತಿದೆ’ ಎನ್ನುವುದು ಇದಕ್ಕೇ. ಕೂತ ಮೌಂಟಿಂಗಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ರಬ್ಬರು ಇದ್ದೂ ಇಲ್ಲದಂತೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ನಾಲ್ಕರಲ್ಲಿ ಯಾವುದೂ ಕಿಲೋಮೀಟರಿನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ‘ನಮ್ಮ ಗಾಡಿ ಓಡಿದ್ದೇ 60,000 ಕಿಲೋಮೀಟರ್’ ಎಂದು ಹೇಳುವವರ ಕಾರಿಗೆ ಇಪ್ಪತ್ತು ವರ್ಷವಾಗಿದ್ದರೆ ಅದರ ರಬ್ಬರಿಗೂ ಇಪ್ಪತ್ತು ವರ್ಷ. ನಿಂತಲ್ಲೇ ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ.

ಹೋಗಿದೆ ಎಂದು ತಿಳಿಯುವುದು ಹೇಗೆ

ಲಕ್ಷಣಗಳನ್ನು ಹೇಳುತ್ತೇನೆ. ನಿಂತಾಗ ಸ್ಟಿಯರಿಂಗ್, ಸೀಟು, ಕನ್ನಡಿ ನಡುಗುವುದು, ಎಸಿ ಹಾಕಿದರೆ ಇನ್ನೂ ಹೆಚ್ಚುವುದು. ಹೊರಡುವಾಗ ಜಗ್ಗುವುದು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ‘ಢಬ್’ ಎನ್ನುವುದು. ಗೇರಿನ ಹಿಡಿ ತಾನಾಗಿಯೇ ಹಿಂದೆ ಮುಂದೆ ಹಂದಾಡುವುದು, ಕೆಲವೊಮ್ಮೆ ಗೇರು ಸರಿಯಾಗಿ ಬೀಳದಿರುವುದು. ಹಂಪು ಇಳಿಯುವಾಗ ಮುಂಭಾಗದಿಂದ ಭಾರವಾದ ಒಂದು ಏಟಿನ ಸದ್ದು. ಸೈಲೆನ್ಸರ್ ಪೈಪು ಅಡಿಯಲ್ಲಿ ಎಲ್ಲೋ ತಾಗಿ ಗರಗರ ಎನ್ನುವುದು.

ಆದರೆ ನಡುಗುವ ಕಾರಿಗೆಲ್ಲ ಮೌಂಟಿಂಗೇ ಕಾರಣವಲ್ಲ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ, ಐಡಲಿಂಗ್ ವೇಗ ತೀರ ಇಳಿದಿದ್ದರೂ ಹೀಗೇ ನಡುಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಇದೆ. ಎಂಜಿನ್ನಿನ ಸದ್ದು ಕೇಳಿ. ಸದ್ದಿನಲ್ಲೇ ತಾಳ ತಪ್ಪುತ್ತಿದ್ದರೆ, ನಡುವೆ ಒಂದು ಹೊಡೆತ ಬಿಟ್ಟಂತಿದ್ದರೆ ಮೊದಲು ಪ್ಲಗ್, ಕಾಯಿಲ್, ಪೆಟ್ರೋಲಿನ ಕಡೆ ನೋಡಬೇಕು. ಸದ್ದು ಸಮನಾಗಿದ್ದು ದೇಹ ಮಾತ್ರ ನಡುಗುತ್ತಿದ್ದರೆ ಸಂಶಯ ಮೌಂಟಿಂಗಿನ ಮೇಲೆ ಬರಬೇಕು.

ಆಮೇಲೆ ಕಣ್ಣಿನಿಂದ ನೋಡುವುದು. ಎಂಜಿನ್ನು ತಣ್ಣಗಿರುವಾಗ ಟಾರ್ಚ್ ಹಿಡಿದು ಪ್ರತಿ ಮೌಂಟಿಂಗನ್ನೂ ನೋಡಿ. ರಬ್ಬರಿನಲ್ಲಿ ಆಳವಾದ ಬಿರುಕಿದೆಯೇ, ಕಬ್ಬಿಣದಿಂದ ಬಿಟ್ಟಿದೆಯೇ, ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿದೆಯೇ, ಒಂದು ಬದಿ ತಗ್ಗಿದೆಯೇ? ಕೆಲವು ದೊಡ್ಡ ಕಾರುಗಳಲ್ಲಿ ರಬ್ಬರಿನೊಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್ ಇರುತ್ತದೆ. ಅದರ ಸುತ್ತ ಕಪ್ಪಗೆ ಒದ್ದೆಯಾಗಿ ಇಳಿದ ಕಲೆಯಿದ್ದರೆ ಒಳಗಿನ ದ್ರವ ಸೋರಿದೆ ಎಂದು ಅರ್ಥ, ಅದು ಮುಗಿದಂತೆಯೇ.

ಸುಳ್ಯದ ಮೆಕ್ಯಾನಿಕ್ ಮಾಡಿಸಿದ ಪರೀಕ್ಷೆಯನ್ನು ಮಾಡಲು ಇಬ್ಬರು ಬೇಕು. ಸಮತಟ್ಟಾದ ಜಾಗ, ಗಾಲಿಗೆ ಕಲ್ಲು, ಹ್ಯಾಂಡ್‌ಬ್ರೇಕ್, ಬ್ರೇಕ್ ಪೆಡಲಿನ ಮೇಲೆ ಗಟ್ಟಿಯಾಗಿ ಕಾಲು. ನೋಡುವವರು ಕಾರಿನ ಎದುರಿಗೂ ಹಿಂದಕ್ಕೂ ಎಂದಿಗೂ ನಿಲ್ಲಬಾರದು, ಬದಿಯಲ್ಲೇ ನಿಲ್ಲಬೇಕು. ಒಂದನೇ ಗೇರಿನಲ್ಲಿ, ಆಮೇಲೆ ರಿವರ್ಸಿನಲ್ಲಿ ಕ್ಲಚ್ ಕಚ್ಚುವವರೆಗೆ ಮಾತ್ರ ಬಿಟ್ಟು ಮತ್ತೆ ಒತ್ತಬೇಕು. ಎಂಜಿನ್ನು ಸ್ವಲ್ಪ ಹೊರಳುವುದು ಸಹಜ. ಒಂದು ಕಡೆಯಿಂದ ಎದ್ದು ಬಂದು ಧಪ್ಪನೆ ಕೂತರೆ ಆ ಕಡೆಯ ಮೌಂಟಿಂಗ್ ಹೋಗಿದೆ. ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಡಿ ಮತ್ತು ಆರ್ ನಡುವೆ ಬದಲಿಸಿದರೂ ಗೊತ್ತಾಗುತ್ತದೆ.

ಹೋದ ಮೌಂಟಿಂಗಿನಲ್ಲೇ ಓಡಿಸುತ್ತಿದ್ದರೆ ಏನಾಗುತ್ತದೆ? ಮೊದಲಿಗೆ ಏನೂ ಆಗದು, ಅದಕ್ಕೇ ಎಲ್ಲರೂ ಮುಂದೂಡುತ್ತಾರೆ. ಆದರೆ ಒಂದು ರಬ್ಬರು ಬಿಟ್ಟ ಭಾರವನ್ನು ಉಳಿದವು ಹೊರಬೇಕು, ಅವೂ ಬೇಗ ಹೋಗುತ್ತವೆ. ಎಂಜಿನ್ನು ತನ್ನ ಜಾಗ ಬಿಟ್ಟು ಹೊರಳಿದಾಗ ಅದಕ್ಕೆ ಜೋಡಿಸಿದ ಸೈಲೆನ್ಸರ್ ಪೈಪು ಬಿರಿಯುತ್ತದೆ, ಡ್ರೈವ್ ಶಾಫ್ಟಿನ ಜಾಯಿಂಟು ಸವೆಯುತ್ತದೆ, ನೀರಿನ ಹೋಸು, ವೈರು, ಕ್ಲಚ್ ಕೇಬಲ್ಲು ಜಗ್ಗಾಡುತ್ತವೆ. ರಬ್ಬರಿನ ಬೆಲೆ ಸಣ್ಣದು, ಅದು ಕಾಯುತ್ತಿದ್ದ ವಸ್ತುಗಳ ಬೆಲೆ ದೊಡ್ಡದು.

ಬದಲಿಸುವ ಕೆಲಸ

ಮೊದಲ ಮಾತು, ಆಯಿಲ್ ಸೋರಿಕೆ ನಿಲ್ಲಿಸದೆ ಹೊಸ ಮೌಂಟಿಂಗ್ ಹಾಕಬೇಡಿ. ಸೋರುವ ಪ್ಯಾಕಿಂಗ್ ಬದಲಿಸಿ, ಸುತ್ತಲಿನ ಜಿಡ್ಡು ತೊಳೆದ ಮೇಲೆಯೇ ಹೊಸ ರಬ್ಬರು. ಇಲ್ಲದಿದ್ದರೆ ಹಳೆಯದನ್ನು ಕೊಂದ ಎಣ್ಣೆ ಹೊಸದನ್ನೂ ಕೊಲ್ಲುತ್ತದೆ.

ಎರಡನೆಯದು, ಎಷ್ಟು ಬದಲಿಸಬೇಕು? ಒಂದು ಮಾತ್ರ ಸೀಳಿದ್ದರೂ ಉಳಿದವೂ ಅದೇ ವಯಸ್ಸಿನವು. ಒಂದನ್ನು ಹೊಸದು ಹಾಕಿದರೆ ಸೋತ ಹಳೆಯವುಗಳ ಪಾಲಿನ ಕೆಲಸವೂ ಅದರ ಮೇಲೆ ಬೀಳುತ್ತದೆ. ಹದಿನೈದು ವರ್ಷ ದಾಟಿದ ಕಾರಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು. ಹಣ ಸಾಲದಿದ್ದರೆ ಪೂರ್ತಿ ಹೋದದ್ದನ್ನು ಈಗ, ಉಳಿದದ್ದನ್ನು ಮುಂದಿನ ಸರ್ವಿಸಿನಲ್ಲಿ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಮೌಂಟಿಂಗನ್ನೂ ಬದಲಿಸಿದರೆ ಎರಡನೇ ಸಲದ ಕೂಲಿ ಉಳಿಯುತ್ತದೆ.

ಒಟ್ಟಿಗೆ ಬದಲಿಸುವುದು ಎಂದರೆ ಒಟ್ಟಿಗೆ ಬಿಚ್ಚುವುದು ಎಂದಲ್ಲ. ಒಂದನ್ನು ಬಿಚ್ಚಿ, ಹೊಸದನ್ನು ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗಬೇಕು. ಎಲ್ಲ ಬಿಚ್ಚಿದರೆ ಎಂಜಿನ್ನು ಜಾಗ ತಪ್ಪುತ್ತದೆ, ಬೋಲ್ಟಿನ ತೂತಿಗೆ ತೂತು ಕೂಡಿಸುವುದು ಕಷ್ಟ, ಕೈಗೆ ಅಪಾಯವೂ ಹೌದು.

ಕೆಲಸದ ಕ್ರಮ ಹೀಗೆ. ಸಮತಟ್ಟಾದ ಜಾಗದಲ್ಲಿ ಗಾಲಿಗೆ ತಡೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಎಂಜಿನ್ನು ತಣ್ಣಗಾದ ಮೇಲೆ ಶುರುಮಾಡಬೇಕು. ಕಾರಿನ ಅಡಿಗೆ ಹೋಗುವುದಾದರೆ ಜಾಕಿಯೊಂದನ್ನೇ ನಂಬಬಾರದು. ಗಟ್ಟಿಯಾದ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಕೊಟ್ಟು ಕೆಳಗೆ ತೂರುವ ಅಭ್ಯಾಸವನ್ನು ಎಷ್ಟೋ ಕಡೆ ನೋಡಿದ್ದೇನೆ. ಒಡೆಯುವಾಗ ಅವು ಮುನ್ಸೂಚನೆ ಕೊಡುವುದಿಲ್ಲ. ದಯವಿಟ್ಟು ಬೇಡ.

ಮೌಂಟಿಂಗ್ ಬಿಚ್ಚುವ ಮುನ್ನ ಎಂಜಿನ್ನಿನ ಭಾರವನ್ನು ಬೇರೊಂದಕ್ಕೆ ಕೊಡಬೇಕು. ಮೇಲಿನಿಂದ ಸರಪಳಿಯಲ್ಲಿ ಹಿಡಿಯಬಹುದು, ಇಲ್ಲವೇ ಕೆಳಗಿನಿಂದ ಜಾಕಿ ಕೊಡಬಹುದು. ಜಾಕಿ ಕೊಡುವಾಗ ನಡುವೆ ಅಗಲವಾದ, ದಪ್ಪ ಮರದ ಹಲಗೆ ಇರಲೇಬೇಕು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿರುವ ಸಂಪ್ ಹಲವು ಕಾರುಗಳಲ್ಲಿ ತೆಳು ತಗಡಿನದು. ಆಯಿಲ್ ಹೀರುವ ಜಾಲರಿ ಅದರ ತಳಕ್ಕೆ ತೀರ ಹತ್ತಿರ ಇರುತ್ತದೆ. ಬರಿಯ ಜಾಕಿಯ ತಲೆ ಒತ್ತಿ ತಗಡು ಒಳಕ್ಕೆ ನೆಗ್ಗಿದರೆ ಜಾಲರಿಯ ಬಾಯಿ ಮುಚ್ಚಿ ಆಯಿಲ್ ಮೇಲೇರದೆ ಎಂಜಿನ್ನೇ ಹಿಡಿಯಬಹುದು. ಗೇರ್‌ಬಾಕ್ಸ್ ಬದಿಯದಾದರೆ ಗೇರ್‌ಬಾಕ್ಸಿನ ಕೆಳಗೆ, ಎಂಜಿನ್ ಬದಿಯದಾದರೆ ಎಂಜಿನ್ನಿನ ಕೆಳಗೆ ಹಲಗೆ. ಮೌಂಟಿಂಗಿನ ಮೇಲಿನ ಭಾರ ಹಗುರಾಗುವಷ್ಟು ಎತ್ತಿದರೆ ಸಾಕು. ಇನ್ನೂ ಎತ್ತಿದರೆ ಉಳಿದ ಮೌಂಟಿಂಗುಗಳು ಜಗ್ಗುತ್ತವೆ.

ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಬೋಲ್ಟು ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಸರಿಯಾದ ಅಳತೆಯ ಸ್ಪ್ಯಾನರಿನಿಂದ ಬಿಚ್ಚಬೇಕು. ಆ ಎಣ್ಣೆ ಉಳಿಯುವ ಮೌಂಟಿಂಗಿನ ರಬ್ಬರಿಗೆ ತಾಗದಂತೆ ಬಟ್ಟೆ ಮುಚ್ಚಬೇಕು. ಹೊಸದನ್ನು ಕೂರಿಸುವ ಮುನ್ನ ಹಳೆಯದರ ಪಕ್ಕ ಇಟ್ಟು ತೂತು, ಎತ್ತರ, ಬಾಣದ ಗುರುತು ಎಲ್ಲ ಹೋಲಿಸಿ ನೋಡಬೇಕು. ಹಳೆಯದು ಕೂತಿರುವುದರಿಂದ ಹೊಸದು ಕೆಲವು ಮಿಲಿಮೀಟರ್ ಎತ್ತರ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಬಿಗಿಯುವ ವಿಚಾರ. ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಕೆಲವು ಸುತ್ತು ತಿರುಗಿಸಿ ಹಿಡಿಸಬೇಕು. ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ. ಓರೆಯಾಗಿ ಹಿಡಿದ ಬೋಲ್ಟನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ತೂತಿನೊಳಗಿನ ಥ್ರೆಡ್ಡು ಹಾಳಾಗುತ್ತದೆ. ಆಮೇಲೆ ಜಾಕಿ ಇಳಿಸಿ ಎಂಜಿನ್ನು ತನ್ನ ಭಾರದಲ್ಲಿ ತಾನು ಕೂರಲು ಬಿಡಬೇಕು, ಕೈಯಿಂದ ಒಂದೆರಡು ಸಲ ಹಿಂದೆ ಮುಂದೆ ಅಲುಗಿಸಬೇಕು. ಕೊನೆಯ ಬಿಗಿ ಅದಾದ ಮೇಲೆ. ಎಂಜಿನ್ನು ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಕೆಲಸ ಮುಗಿದ ದಿನವೇ ಕಾರು ಮೊದಲಿಗಿಂತ ಹೆಚ್ಚು ನಡುಗುತ್ತದೆ, ಆಮೇಲೆ ಹೊಸ ಮೌಂಟಿಂಗನ್ನು ದೂರುತ್ತಾರೆ.

ಎಷ್ಟು ಬಿಗಿಯಬೇಕು ಎಂಬುದು ಆಯಾ ಕಾರಿನ ಸರ್ವಿಸ್ ಮಾನ್ಯುವಲ್ಲಿನಲ್ಲಿ ಇರುತ್ತದೆ. ಅಂದಾಜಿಗೆ ಹೇಳುವುದಾದರೆ, 50 ನ್ಯೂಟನ್ ಮೀಟರ್ ಎಂದರೆ ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಇಪ್ಪತ್ತು ಕಿಲೋ ತೂಕ ತೂಗುಹಾಕಿದಷ್ಟು. ಪೈಪು ಸಿಕ್ಕಿಸಿ ಮೈಭಾರ ಹಾಕಿ ಬಿಗಿಯುವ ಅಗತ್ಯವಿಲ್ಲ. ಅಳೆದು ಬಿಗಿಯಲು ಟಾರ್ಕ್ ರೆಂಚ್ ಇದೆ, ಒಳ್ಳೆಯ ಗ್ಯಾರೇಜಿನಲ್ಲಿ ಅದನ್ನು ಬಳಸುತ್ತಾರೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಒಮ್ಮೆ ನೋಡಿಸುವುದು ಒಳ್ಳೆಯದು.

ಯಾವುದನ್ನು ಕೊಳ್ಳಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಮೌಂಟಿಂಗ್ ಸಿಗುತ್ತದೆ. ಸಣ್ಣ ಕಾರುಗಳ ಸಾದಾ ರಬ್ಬರಿನದಾದರೆ ಕೆಲವು ನೂರು ರೂಪಾಯಿ, ಹೈಡ್ರಾಲಿಕ್ ಆದರೆ ಕೆಲವು ಸಾವಿರ. ಕಂಪನಿಯ ಪೆಟ್ಟಿಗೆಯದು, ಇಲ್ಲವೇ ಕಂಪನಿಗೆ ಮಾಡಿಕೊಡುವವರದ್ದೇ ಆದರೆ ಒಳ್ಳೆಯದು. ತೀರ ಅಗ್ಗದ ಮಾಲಿನಲ್ಲಿ ಹಳೆಯ ರಬ್ಬರನ್ನು ಪುಡಿಮಾಡಿ ಬೆರೆಸಿರುವುದುಂಟು. ಅದು ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಪಾರ್ಟ್ ನಂಬರ್ ನೋಡಿ, ತಯಾರಾದ ತಿಂಗಳು ನೋಡಿ, ರಬ್ಬರು ಕಬ್ಬಿಣಕ್ಕೆ ಸೇರುವ ಅಂಚಿನಲ್ಲಿ ಬಿಡುವು ಇದೆಯೇ ನೋಡಿ.

ಗುಜರಿಯಲ್ಲಿ ಕಬ್ಬಿಣದ ಬ್ರಾಕೆಟ್ ಕೊಳ್ಳಬಹುದು, ರಬ್ಬರು ಕೊಳ್ಳಬಾರದು. ಒಡೆದ ಕಾರಿನಿಂದ ತೆಗೆದ ಮೌಂಟಿಂಗಿಗೆ ನಿಮ್ಮ ಹಳೆಯ ಮೌಂಟಿಂಗಿನಷ್ಟೇ ವಯಸ್ಸು. ಓಟದ ಕಾರುಗಳಿಗೆ ಹಾಕುವ ಪಾಲಿಯುರಿಥೇನ್ ಮೌಂಟಿಂಗ್ ಎಣ್ಣೆಗೂ ಸವೆತಕ್ಕೂ ಜಗ್ಗುವುದಿಲ್ಲ ನಿಜ, ಆದರೆ ಅದು ಗಡುಸು. ಎಂಜಿನ್ನು ಅಲುಗುವುದಿಲ್ಲ, ನಡುಕವೆಲ್ಲ ಒಳಗೆ ಬರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗುವ ಕಾರಿಗೆ ಅದು ತಕ್ಕದ್ದಲ್ಲ. ಸೀಳಿದ ಜಾಗಕ್ಕೆ ಟೈರಿನ ತುಂಡು ಸಿಕ್ಕಿಸುವುದು, ಸೀಲೆಂಟ್ ತುಂಬುವುದು ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಮುಟ್ಟಲು ಮಾತ್ರ.

ನಮ್ಮ ಕಾರಿಗೆ ಅರ್ಧ ದಿನದ ಕೆಲಸವಾಯಿತು. ಟ್ಯಾಪೆಟ್ ಕವರ್ ಪ್ಯಾಕಿಂಗೂ ಹೊಸದಾಯಿತು. ಸಂಜೆ ಸಂಪಾಜೆ ಘಾಟಿ ಏರುವಾಗ ಆ ‘ಢಬ್’ ಇರಲಿಲ್ಲ. ಮಡಿಕೇರಿಯ ಸರ್ಕಲ್ಲಿನಲ್ಲಿ ನಿಂತಾಗ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನೋಡಿದೆ. ಮೂರು ಸಿಲಿಂಡರಿನ ಸಣ್ಣ ಮಿಡಿತ, ಅಷ್ಟೇ. ಮಾರಬೇಕು ಎಂದುಕೊಂಡಿದ್ದ ಕಾರು ಈಗಲೂ ನಮ್ಮ ಅಂಗಳದಲ್ಲಿದೆ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಈಗ ಓಡುತ್ತಿರುವ ಅತಿ ಎಳೆಯ 800ಕ್ಕೂ ಹತ್ತು ವರ್ಷ ದಾಟಿದೆ. ಅದೇ ವಯಸ್ಸಿನ ಝೆನ್, ಸ್ಯಾಂಟ್ರೊ, ಇಂಡಿಕಾಗಳು ನಮ್ಮ ಹಳ್ಳಿ ಪೇಟೆಗಳಲ್ಲಿ ಎಷ್ಟೋ ಇವೆ. ಅವುಗಳ ಕಬ್ಬಿಣ ಇನ್ನೂ ಗಟ್ಟಿ. ನಿಮ್ಮ ಮನೆಯಲ್ಲೂ ಅಂತಹದೊಂದು ಇದ್ದು, ಅದು ನಡುಗುತ್ತಿದ್ದರೆ, ‘ವಯಸ್ಸಾಯಿತು’ ಎಂಬ ಮಾತನ್ನು ಒಪ್ಪುವ ಮೊದಲು ಒಂದು ಟಾರ್ಚ್ ತೆಗೆದುಕೊಂಡು ಬಾನೆಟ್ ಎತ್ತಿ ಆ ಕಪ್ಪು ರಬ್ಬರನ್ನು ನೋಡಿ. ಮುಂದಿನ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್‌ಗೆ ಹೇಳಿ: ಮೌಂಟಿಂಗ್ ನೋಡಿ, ಬದಲಿಸಿದರೆ ಹಳೆಯದನ್ನು ನನಗೆ ತೋರಿಸಿ.